ಲಾಗ ಹಾಕುವವನು ಕಳ್ಳನೇ?

1974ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಪಾತ್ರಧಾರಣೆಯ ಆಟವನ್ನು ಬಲ್ಲ ತರುಣರು, ಅದರ ಪಾತ್ರವರ್ಗಗಳನ್ನು ಸರ್ಕಸ್ಸಿನ ಕಸುಬುಗಳಿಗೆ ಹೊಂದಿಸಿ ನಲಿಯುವುದುಂಟು. ಯೋಧನು ಭಾರವೆತ್ತುವ ಜಟ್ಟಿಯಾಗಲಿ, ಮಾಂತ್ರಿಕನು ಇಂದ್ರಜಾಲಿಗನಾಗಲಿ. ಇದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಹಗ್ಗದ ಮೇಲೆ ನಡೆಯುವವನ ಕೊರಳಿಗೆ ಕಳ್ಳನ ವರ್ಗವನ್ನು ಕಟ್ಟುವುದು ಸರ್ವಥಾ ಸಲ್ಲದು. 1985ರ ‘ಅನರ್ಥ್ಡ್ ಆರ್ಕಾನಾ’ ಎಂಬ ನಿಯಮಗ್ರಂಥವಂತೂ ‘ಥೀಫ್-ಅಕ್ರೋಬ್ಯಾಟ್’, ಎಂದರೆ ಲಾಗ ಹಾಕುವ ಕಳ್ಳ, ಎಂಬ ವರ್ಗಕ್ಕೇ ಎಡೆಗೊಟ್ಟಿತು.

ವಿನೋದಕ್ಕೆ ಇಷ್ಟು ಕೋಪವೇಕೆಂದು ವಾಚಕರು ಕೇಳಬಹುದು. ನಮ್ಮ ದೇಶದಲ್ಲಿ ಇದು ವಿನೋದವಾಗಿರಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಮೇರೆಗೆ, ಊರೂರು ಅಲೆದು ಬದುಕುವ ಎಷ್ಟೋ ಸಮುದಾಯಗಳು ಹುಟ್ಟುಗಳ್ಳರೆಂದು ಪಟ್ಟಿಗೇರಿದುವು. 1952ರಲ್ಲಿ ಕಾಯಿದೆ ರದ್ದಾಯಿತು, ಸಂಶಯವು ರದ್ದಾಗಲಿಲ್ಲ. ಅಲೆಮಾರಿಯ ಗುಡಾರವನ್ನು ಕಂಡೊಡನೆ ಬಾಗಿಲಿಗೆ ಅಗುಳಿ ಹಾಕುವ ಮನೆಗಳು ಇಂದಿಗೂ ಉಂಟು.

ಕಳ್ಳನ ಚಳಕವು ಕತ್ತಲೆಯದು. ಹಗ್ಗದವನ ವಿದ್ಯೆಯೋ ಸಾವಿರ ಕಣ್ಣುಗಳ ಮುಂದಿನದು. ಆಟದಲ್ಲಿ ಬಿದ್ದವನು ಹೊಸ ಪಾತ್ರವೊಂದನ್ನು ಬರೆದುಕೊಂಡು ಮರಳಿ ಕೂರುತ್ತಾನೆ. ಡೇರೆಯಲ್ಲಿ ಬಿದ್ದವನಿಗೆ ಬೇರೊಂದು ಬೆನ್ನೆಲುಬಿಲ್ಲ. ಆದುದರಿಂದ ತರುಣರೇ, ಮನದಣಿಯೆ ಆಡಿರಿ. ಆದರೆ ಬೆವರಿನಿಂದ ಅನ್ನವುಣ್ಣುವವನಿಗೆ ಕಳವಿನ ಹೆಸರನ್ನಿಡಬೇಡಿರಿ.