ಹೆಬ್ಬೆಟ್ಟು ರೈತನದು, ಲಾಗಿನ್ ಯಾರದು?

2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಅದರ ಮೇಲೆ ರಾಜ್ಯದ್ದು 1,500. ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬೆಳೆಗಾರರು ಫೆಬ್ರವರಿಯಲ್ಲಿ ಪಹಣಿ, ಆಧಾರ್ ಹಿಡಿದು, ಕೇಂದ್ರದ ಪರವಾಗಿ ಖರೀದಿಸುವ ನಾಫೆಡ್‌ನ ನೋಂದಣಿ ಕೇಂದ್ರಗಳ ಮುಂದೆ ಸಾಲುಗಟ್ಟಿದರು. ರಾಜ್ಯಕ್ಕೆ ಕೊಟ್ಟಿದ್ದ 62,500 ಟನ್ ಖರೀದಿ ಮಿತಿ ಕೆಲವೇ ದಿನಗಳಲ್ಲಿ ಮುಗಿದುಹೋಯಿತು. ವರ್ತಕರೇ ರೈತರ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದಾರೆ ಎಂಬ ಆರೋಪ ಎದ್ದಿತು. ಸರ್ಕಾರ ಅಷ್ಟೂ ನೋಂದಣಿಯನ್ನು ರದ್ದುಮಾಡಿ, ಮಾರ್ಚ್ 4ರಿಂದ ಬಯೋಮೆಟ್ರಿಕ್‌ನೊಂದಿಗೆ ಹೊಸದಾಗಿ ಆರಂಭಿಸಿತು.

ರದ್ದು ಮಾಡಿದ್ದು ಸರಿ. ಅಷ್ಟಕ್ಕೇ ಕೈತೊಳೆದುಕೊಳ್ಳುವಂತಿಲ್ಲ. ನೆಟ್ಟಗೆ ಕಟ್ಟಿದ ಯಾವುದೇ ತಂತ್ರಾಂಶದಲ್ಲಿ ಒಂದೊಂದು ನೋಂದಣಿಗೂ ಯಾರ ಲಾಗಿನ್, ಯಾವ ಕಂಪ್ಯೂಟರ್, ಎಷ್ಟು ಹೊತ್ತಿಗೆ ಎಂಬ ಗುರುತು ಉಳಿಯುತ್ತದೆ. ಒಬ್ಬರಿಗೆ ಒಂದೇ ಲಾಗಿನ್, ಕಚೇರಿ ಮುಚ್ಚಿದ ಮೇಲೆ ಪ್ರವೇಶವಿಲ್ಲ, ಮನುಷ್ಯರ ಕೈಗೆ ಸಾಧ್ಯವಾಗದ ವೇಗದಲ್ಲಿ ಹೆಸರು ಸೇರಿದರೆ ತಾನಾಗಿ ತಡೆ: ಇವು ಹಳೆಯ, ಅಗ್ಗದ ಕಟ್ಟುಪಾಡುಗಳು. ಅವು ಇದ್ದವೇ? ಇದ್ದರೆ ಮುರಿದವರು ಯಾರು? ಇಲ್ಲದಿದ್ದರೆ ಆ ತಂತ್ರಾಂಶಕ್ಕೆ ಒಪ್ಪಿಗೆ ಕೊಟ್ಟ ಅಧಿಕಾರಿ ಯಾರು?

ಹೆಬ್ಬೆಟ್ಟು ಒತ್ತಿಸಿದ್ದು ರೈತನಿಂದ. ಸಂಶಯ ಪಡಬೇಕಾಗಿದ್ದುದು ಕೀಲಿಮಣೆಯ ಹಿಂದೆ ಕೂತವರ ಮೇಲೆ. ವರ್ಷಗಟ್ಟಲೆ ಕಾಯಿ ಸುಲಿದು ಬೆರಳಗೆರೆ ಸವೆದ ಮುದುಕ ಸಾಲಿನಲ್ಲಿ ಮತ್ತೆ ಮತ್ತೆ ಬೆರಳೊತ್ತಿ, ಹೊಂದಿಕೆಯಾಗದೆ ಹಿಂತಿರುಗಬೇಕಾದರೆ ಅದು ಭದ್ರತೆಯಲ್ಲ, ಶಿಕ್ಷೆ. ಅದರ ಮೇಲೆ ಇನ್ನೊಂದು ಅಪಾಯ. 2023ರಲ್ಲಿ ನೋಂದಾಯಿತ ಆಸ್ತಿಪತ್ರಗಳಲ್ಲಿದ್ದ ಬೆರಳಚ್ಚು ಕದ್ದು ಆಧಾರ್ ಪಾವತಿ ಮೂಲಕ ಖಾತೆಯ ಹಣ ಎತ್ತಿದ ದೂರುಗಳು ರಾಜ್ಯದಲ್ಲಿ ಬಂದವು. ಪಾಸ್‌ವರ್ಡ್ ಬದಲಿಸಬಹುದು, ಬೆರಳು ಬದಲಿಸಲಾಗದು.

ತಪಾಸಣೆಯಿಲ್ಲದ ಬಾಗಿಲಿನ ಅಪಾಯ ಕೊಬ್ಬರಿಗಷ್ಟೇ ಸೀಮಿತವಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ-2 ತಂತ್ರಾಂಶ ಬಾಟ್‌ಗಳು, ಅಂದರೆ ತಾನಾಗಿ ಓಡುವ ತಂತ್ರಾಂಶಗಳು, ಕಳಿಸಿದ ಸುಳ್ಳು ಕೋರಿಕೆಗಳ ದಾಳಿಗೆ ಸಿಕ್ಕಿ, ಉಪನೋಂದಣಿ ಕಚೇರಿಗಳಲ್ಲಿ ಕೆಲಸ ನಿಂತಿತು. ಇಂಥ ಹೊತ್ತಿನಲ್ಲಿ ಕ್ಲೌಡ್‌ನಲ್ಲಿ ಇನ್ನಷ್ಟು ಸರ್ವರ್ ಬಾಡಿಗೆಗೆ ಪಡೆದರೆ ಸಾಲದು. ಬಾಗಿಲಲ್ಲಿ ತಪಾಸಣೆಯಿಲ್ಲದಿದ್ದರೆ ಹೆಚ್ಚಿದ ಜಾಗವನ್ನೂ ಬಾಟ್‌ಗಳೇ ತುಂಬುತ್ತವೆ, ಬಿಲ್ಲು ಮಾತ್ರ ಬೊಕ್ಕಸಕ್ಕೆ.

ಸಹಕಾರ ಇಲಾಖೆ ಮುಂದಿನ ಖರೀದಿಗೆ ಮುನ್ನ ಮೂರು ಕೆಲಸ ಮಾಡಲೇಬೇಕು. 2024ರ ಫೆಬ್ರವರಿಯ ಲಾಗಿನ್ ದಾಖಲೆಯನ್ನು ಹೊರಗಿನ ಪರಿಣತರಿಂದ ಪರಿಶೋಧಿಸಿ, ಕೇಂದ್ರವಾರು ವರದಿಯನ್ನು ಎಪಿಎಂಸಿ ಫಲಕದಲ್ಲಿ ಹಾಕಬೇಕು. ನೋಂದಣಿ ಮಾಡುವ ಸಿಬ್ಬಂದಿಯೂ ತನ್ನ ಬೆರಳೊತ್ತಿಯೇ ಒಳಹೋಗಬೇಕು. ಬೆರಳಚ್ಚು ಕೈಕೊಟ್ಟ ರೈತನಿಗೆ ಅದೇ ದಿನ, ಅದೇ ಕೇಂದ್ರದಲ್ಲಿ ಬೇರೆ ದಾರಿ ಸಿಗಬೇಕು.