ಕೋಲಾರ ಕ್ಷೇತ್ರದ ಎಲ್ಲೆಗಳು

ಚಿಂತಾಮಣಿಯ ರೈತನು ತನ್ನ ಜಮೀನಿನ ಅಹವಾಲನ್ನು ಹೊತ್ತು ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗಳಲ್ಲಿಗೆ ಹೋಗುತ್ತಾನೆ; ಲೋಕಸಭೆಗೆ ಮತ ಕೊಡುವಾಗ ಮಾತ್ರ ಅವನು ಕೋಲಾರದವನು. ಶಿಡ್ಲಘಟ್ಟದವರ ಪಾಡೂ ಇದೇ. ಇದು ಹೇಗಾಯಿತೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ವಿಚಾರಿಸಿರಲಾರರು. ನ್ಯಾಯಮೂರ್ತಿ ಕುಲದೀಪ್ ಸಿಂಗರ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗವು 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು, 2004ರ ಫೆಬ್ರವರಿಯಲ್ಲಿದ್ದ ಜಿಲ್ಲೆ ತಾಲ್ಲೂಕುಗಳ ಎಲ್ಲೆಗಳನ್ನೇ ಹಿಡಿದು ಕೆಲಸ ಮಾಡಿತು. ಆಗ ಕೋಲಾರವು ಅವಿಭಕ್ತ ಜಿಲ್ಲೆಯಾಗಿದ್ದಿತು. 2007ರಲ್ಲಿ ಚಿಕ್ಕಬಳ್ಳಾಪುರವು ಬೇರೆಯಾಯಿತು. 2008ರಲ್ಲಿ ಹೊಸ ಕ್ಷೇತ್ರಗಳು ಜಾರಿಗೆ ಬರುವ ವೇಳೆಗೆ ಮನೆಯೇ ಪಾಲಾಗಿಹೋಗಿದ್ದಿತು!

ಲೆಕ್ಕದೊಡನೆ ನಮಗೆ ಜಗಳವಿಲ್ಲ. ಒಂದೊಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು ಬೇಕು. ಇಂದಿನ ಕೋಲಾರ ಜಿಲ್ಲೆಯಲ್ಲಿರುವುದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆ.ಜಿ.ಎಫ್. ಎಂಬ ಆರೇ. ಇನ್ನೆರಡನ್ನು ನೆರೆಯಿಂದ ತರಲೇಬೇಕು. ಆದರೆ ಆಡಳಿತದ ಎಲ್ಲೆ, ಸಂಚಾರಸೌಕರ್ಯ, ಜನರ ಅನುಕೂಲ ಇವನ್ನು ನೋಡಬೇಕೆಂದು 2002ರ ಕಾಯಿದೆಯೇ ವಿಧಿಸಿದೆ. ಅದೇ ವಿಂಗಡಣೆಯಲ್ಲಿ ವೇಮಗಲ್ ಎಂಬ ವಿಧಾನಸಭಾ ಕ್ಷೇತ್ರವೇ ಅಳಿಸಿಹೋಯಿತು. ಮುಳಬಾಗಿಲು ಮೀಸಲು ಕ್ಷೇತ್ರವಾಯಿತು. ಇಂಥ ಬದಲಾವಣೆಗಳ ಕರಡು ಕ್ಯಾಲನೂರಿನಂಥ ಊರಿನ ಕಟ್ಟೆಯವರೆಗೆ ಮುಟ್ಟಿದ್ದಿತೇ?

ಮತದಾನದ ಕಡೆಗೆ ನೋಡೋಣ. 1991ರಿಂದ 2014ರವರೆಗೆ ಏಳು ಸಲ ಕಾಂಗ್ರೆಸ್ಸಿನ ಕೆ. ಎಚ್. ಮುನಿಯಪ್ಪನವರನ್ನೇ ಆರಿಸಿದ ಈ ಕ್ಷೇತ್ರವು, 2019ರಲ್ಲಿ ಭಾರತೀಯ ಜನತಾ ಪಕ್ಷದ ಎಸ್. ಮುನಿಸ್ವಾಮಿಯವರನ್ನು ಎರಡು ಲಕ್ಷಕ್ಕೆ ಮೀರಿದ ಅಂತರದಿಂದ ಕಳುಹಿಸಿತು. 2023ರಲ್ಲಿ ಇದೇ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಐದು ಕಾಂಗ್ರೆಸ್ಸಿಗೂ ಮೂರು ಜಾತ್ಯತೀತ ಜನತಾದಳಕ್ಕೂ ದೊರೆತುವು. ವರ್ಷ ತುಂಬುವಷ್ಟರಲ್ಲಿ ಲೋಕಸಭೆಗೆ ಗೆದ್ದವರು ಜನತಾದಳದ ಎಂ. ಮಲ್ಲೇಶ್ ಬಾಬು.

ಮತದಾರನು ಚಂಚಲನೆಂದು ಹೇಳುವ ಪಂಡಿತರುಂಟು. ನಾವು ಒಪ್ಪಲಾರೆವು. ಅವನು ವಿಧಾನಸಭೆಗೆ ತಾನು ಬಲ್ಲ ಮನುಷ್ಯನನ್ನು ನೋಡಿ ಮತ ಕೊಡುತ್ತಾನೆ. ಲೋಕಸಭೆಯ ಕ್ಷೇತ್ರವಾದರೋ ಎರಡು ಜಿಲ್ಲೆಗಳಿಗೆ ಚಾಚಿಕೊಂಡಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಕೋಲಾರದ ಟೊಮೇಟೊ ಮಾರುಕಟ್ಟೆ, ಎಲ್ಲಕ್ಕೂ ಮಿಗಿಲಾಗಿ ಕೆರೆಯ ನೀರು, ಇವನ್ನು ಒಂದೇ ಕಡೆ ಕುಳಿತು ಚರ್ಚಿಸುವ ಜಿಲ್ಲಾಸಭೆಯೇ ಆ ಮತದಾರರೆಲ್ಲರಿಗೆ ಇಲ್ಲ. ತೆರವಾದ ಆ ಸ್ಥಳವನ್ನು ಮುಖಂಡರ ಬಣಗಳು ತುಂಬುತ್ತವೆ. 2024ರ ಮಾರ್ಚಿಯಲ್ಲಿ ಅಭ್ಯರ್ಥಿಯ ವಿಷಯವಾಗಿ ಕಾಂಗ್ರೆಸ್ ಶಾಸಕರೇ ರಾಜೀನಾಮೆಯ ಮಾತನ್ನಾಡಿದುದನ್ನು ಯಾರು ಮರೆತಾರು?

ಮುಂದಿನ ಪುನರ್ವಿಂಗಡಣೆ ಎಂದಾದರೂ ಬರತಕ್ಕದ್ದೇ. ಆಯೋಗದ ಆಜ್ಞೆಗೆ ಕಾನೂನಿನ ಬಲವಿದೆ. ಹೊರಬಿದ್ದ ಮೇಲೆ ಗೋಳಾಡಿ ಫಲವಿಲ್ಲ. ಆದುದರಿಂದ ಕರಡನ್ನು ಗೆಜೆಟ್ಟಿಗೆ ಒಪ್ಪಿಸಿ ಕೈತೊಳೆದುಕೊಳ್ಳದೆ, ಹಳ್ಳಿಗಳ ಹೆಸರುಸಹಿತ ಕನ್ನಡದಲ್ಲಿ ಪ್ರತಿಯೊಂದು ಗ್ರಾಮಪಂಚಾಯಿತಿಯ ಬಾಗಿಲಿಗೂ ಅಂಟಿಸಬೇಕು. ಆಕ್ಷೇಪಣೆಗಳನ್ನು ಕೇಳುವ ಬಹಿರಂಗ ಸಭೆಯು ಬೆಂಗಳೂರಿನಲ್ಲಿ ಮಾತ್ರವೇ ನಡೆಯದೆ, ಕೋಲಾರದಲ್ಲಿಯೂ ಚಿಂತಾಮಣಿಯಲ್ಲಿಯೂ ನಡೆಯಬೇಕು. ಉಭಯ ಜಿಲ್ಲೆಗಳ ಅಧಿಕಾರಿಗಳು ಈ ಬಗ್ಗೆ ಈಗಲೇ ಸರ್ಕಾರಕ್ಕೆ ಬರೆಯಲಿ.