ಹೆಸರಿಡುವ ಹಕ್ಕು ಯಾರದು?

ಜಡೆಗಟ್ಟಿದ ಕೂದಲು, ಕೈಯಲ್ಲಿ ಗಾಂಜಾ, ಹಿನ್ನೆಲೆಯಲ್ಲಿ ಬಾಬ್ ಮಾರ್ಲಿಯ ಹಾಡು. 'ರಾಸ್ತಾ' ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಇಷ್ಟೆ. ಗಾಂಜಾ ಎಂಬ ಪದ ಜಮೈಕಾಕ್ಕೆ ಹೋದದ್ದೇ ಭಾರತದಿಂದ, 1845ರಿಂದ ಬ್ರಿಟಿಷರು ಅಲ್ಲಿನ ತೋಟಗಳಿಗೆ ಸಾಗಿಸಿದ ನಮ್ಮ ಕೂಲಿಗಳ ಜೊತೆಗೆ ಎಂಬುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಇಥಿಯೋಪಿಯದ ಅಮ್ಹಾರಿಕ್ ಭಾಷೆಯಲ್ಲಿ 'ರಾಸ್' ಎಂದರೆ ತಲೆ. ದೊಡ್ಡ ಪ್ರಭುಗಳ ಬಿರುದೂ ಹೌದು. ಅರಬಿಯಲ್ಲೂ ತಲೆಗೆ ಇದೇ ಮೂಲದ ಪದವಿದೆ. 'ತಫಾರಿ' ಒಬ್ಬ ವ್ಯಕ್ತಿಯ ಹೆಸರು. 1930ರ ನವೆಂಬರ್ 2ರಂದು ಆತ ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದ. ಬ್ರಿಟಿಷರ ಅಡಿಯಲ್ಲಿದ್ದ ಜಮೈಕಾದಲ್ಲಿ, ಗುಲಾಮರ ಮೊಮ್ಮಕ್ಕಳಾದ ಬಡ ಕರಿಯರಲ್ಲಿ ಕೆಲವರು ಆ ಕರಿಯ ದೊರೆಯಲ್ಲಿ ದೇವರನ್ನೇ ಕಂಡರು. ಅದನ್ನು ಬೋಧಿಸಿದ ಲಿಯೊನಾರ್ಡ್ ಹೋವೆಲ್‌ಗೆ 1934ರಲ್ಲಿ ರಾಜದ್ರೋಹದ ಆರೋಪದ ಮೇಲೆ ಎರಡು ವರ್ಷ ಸೆರೆವಾಸವಾಯಿತು.

ಹೊರಗಿನವರು ಇವರ ನಂಬಿಕೆಗೆ 'ಇಸಂ' ಎಂಬ ಬಾಲ ಅಂಟಿಸಿದರು. ಅವರಲ್ಲಿ ಬಹಳ ಮಂದಿ ಅದನ್ನು ಒಪ್ಪುವುದಿಲ್ಲ. ಮನುಷ್ಯರನ್ನು ಒಡೆಯುವ ವಾದಗಳ ಪಟ್ಟಿಯಲ್ಲಿ ನಮ್ಮನ್ನು ಸೇರಿಸಬೇಡಿ, ನಮ್ಮದು ಬದುಕುವ ರೀತಿ, 'ರಾಸ್ತಫಾರಿ' ಎಂದರೆ ಸಾಕು ಎನ್ನುತ್ತಾರೆ. ಆದರೂ ಪುಸ್ತಕಗಳು, ಪತ್ರಿಕೆಗಳು ಆ ಬಾಲವನ್ನು ಬಿಟ್ಟಿಲ್ಲ.

ಬರೇ ಹೆಸರಿನಲ್ಲೇನಿದೆ ಎನ್ನುವವರು 1963ನ್ನು ನೋಡಲಿ. ಕೋರಲ್ ಗಾರ್ಡನ್ಸ್‌ನಲ್ಲಿ ಕೆಲವೇ ಮಂದಿ ಮಾಡಿದ ಹಿಂಸೆಗೆ ಇಡೀ ಸಮುದಾಯ ಬೆಲೆ ತೆತ್ತಿತು. 'ರಾಸ್ತಾ' ಎಂದು ಗುರುತಿಸಿಕೊಂಡದ್ದೇ ಅಪರಾಧವಾಯಿತು. ಪೊಲೀಸರು ಹಿಡಿದರು, ಹೊಡೆದರು, ಜಡೆ ಕತ್ತರಿಸಿದರು. ಸ್ವತಂತ್ರ ಜಮೈಕಾದ ಸರಕಾರವೇ ಇದನ್ನು ಮಾಡಿಸಿತ್ತು. ಪ್ರಧಾನಿ ಆಂಡ್ರ್ಯೂ ಹೋಲ್‌ನೆಸ್ ಕ್ಷಮೆ ಕೇಳಿದ್ದು 2017ರಲ್ಲಿ. ಒಬ್ಬ ತಪ್ಪು ಮಾಡಿದರೆ ಅವನ ಹೆಸರಿನವರೆಲ್ಲ ಉತ್ತರ ಕೊಡಬೇಕಾದ ಸಂಕಟ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹೆಸರಿನ ಕತೆಯೂ ಹಾಗೆಯೇ. ಬ್ರಿಟಿಷರು ನಮ್ಮನ್ನು 'ಮಹಮ್ಮದನ್' ಎಂದರು, ಪ್ರವಾದಿಯನ್ನು ನಾವು ಪೂಜಿಸುತ್ತೇವೆ ಎಂಬಂತೆ. ನಾವು ಅಲ್ಲಾಹನಿಗೆ ಶರಣಾದ ಮುಸ್ಲಿಮರು ಎಂದು ಎಷ್ಟು ಹೇಳಿದರೂ ವಕೀಲರ ಕಪಾಟಿನಲ್ಲಿ 'ಮಹಮ್ಮದನ್ ಲಾ' ಇನ್ನೂ ಕುಳಿತಿದೆ.

ದೊರೆಯನ್ನು ದೇವರೆನ್ನುವವರ ಪರ ಮುಸ್ಲಿಮನ ವಕಾಲತ್ತೇ ಎಂದು ಕೆಲವರು ಕೇಳಬಹುದು. ಅವರ ನಂಬಿಕೆ ನನ್ನದಲ್ಲ, ತೌಹೀದ್‌ನಲ್ಲಿ ರಾಜಿಯೂ ಇಲ್ಲ. ಆದರೆ ಅಡ್ಡಹೆಸರಿಟ್ಟು ಹೀಯಾಳಿಸುವುದನ್ನು ಕುರ್‌ಆನ್ ತಡೆದಿದೆ. ನ್ಯಾಯವನ್ನು ಒಪ್ಪಿದವರಿಗಷ್ಟೇ ಕೊಡಬೇಕೆಂದು ಅದು ಎಲ್ಲೂ ಹೇಳಿಲ್ಲ.

ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಹೋದ ಮುಸ್ಲಿಮರಿಗೆ ಆಶ್ರಯ ಕೊಟ್ಟದ್ದು ಅದೇ ಹಬಶ ನೆಲದ ಕ್ರೈಸ್ತ ದೊರೆ ನಜಾಶಿ. ಬೆನ್ನಟ್ಟಿ ಬಂದ ಕುರೈಶರ ದೂರನ್ನಷ್ಟೇ ಕೇಳಿ ಆತ ತೀರ್ಪು ಕೊಡಲಿಲ್ಲ. ನೀವು ಯಾರೆಂದು ನಿರಾಶ್ರಿತರನ್ನೇ ಕೇಳಿದ, ಜಅಫರ್ ಉತ್ತರಿಸಿದರು. ಆ ಒಂದು ಪ್ರಶ್ನೆಯ ಋಣ ನಮ್ಮ ಮೇಲಿದೆ.